ಗದಗ-ಧಾರವಾಡದ ಕಲ್ಲು-ಮಣ್ಣಿನ ವಯಸ್ಸು ತಿಳಿಯುವುದು ಹೇಗೆ? ಗುಡ್ಡದಿಂದ ಲ್ಯಾಬ್‌ವರೆಗೆ ಐಸೋಟೋಪ್ ಮಾರ್ಗದರ್ಶಿ

ಲಕ್ಕುಂಡಿಯ ಬ್ರಹ್ಮ ಜಿನಾಲಯದ ಒಂದು ಕಂಬ ತೋರಿಸಿ "ಇದು ಎಷ್ಟು ಹಳೆಯದು?" ಅಂತ ಕೇಳಿದರೆ ಎರಡು ಉತ್ತರ ಸಿಗುತ್ತವೆ. ಗುಡಿ 11ನೇ ಶತಮಾನದ್ದು. ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಎರಡೂ ಸರಿಯೇ. ಆದರೆ ಶಿಲ್ಪಿ ಉಳಿ ಇಟ್ಟ ದಿನ ಕಲ್ಲಿನ ಒಳಗಿನ ಪರಮಾಣುಗಳಿಗೆ ಗೊತ್ತಾಗಲಿಲ್ಲ. ಅವುಗಳ ಲೆಕ್ಕ ಬೇರೆ. ಆ ಕಲ್ಲಿಗೂ ಒಂದೇ ವಯಸ್ಸಿಲ್ಲ. ಮೊದಲು ಅದು ಬೇರೆ ಕಲ್ಲಾಗಿತ್ತು, ಆಮೇಲೆ ನೆಲದಾಳದಲ್ಲಿ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಶಿಸ್ಟ್ ಅನ್ನುವ ಪದರು ಕಲ್ಲಾಯಿತು.

ಹಾಗಾಗಿ ಐಸೋಟೋಪ್ ಕೆಲಸ ಶುರು ಮಾಡುವವರು ಕೇಳಬೇಕಾದ ಮೊದಲ ಪ್ರಶ್ನೆ "ವಯಸ್ಸೆಷ್ಟು" ಅಂತಲ್ಲ, "ಯಾವ ಘಟನೆಯ ವಯಸ್ಸು" ಅಂತ. ಇದನ್ನು ಗುಡ್ಡದಲ್ಲೇ ಕೇಳಿಕೊಳ್ಳದೆ ಕಲ್ಲು ಒಡೆದು ತಂದರೆ ಲ್ಯಾಬ್ ಒಂದು ನಂಬರ್ ಕೊಡುತ್ತದೆ, ಅದು ಏನು ಹೇಳುತ್ತಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ಎಂ.ಎಸ್ಸಿ. ಡಿಸರ್ಟೇಶನ್‌ಗೆ ಹೊರಟವರು, ಸಂಶೋಧನೆಗೆ ಕೈ ಹಾಕುವವರು, ಸುಮ್ನೆ ಕುತೂಹಲ ಇರುವವರು ಎಲ್ಲರಿಗೂ ಈ ಮಾರ್ಗದರ್ಶಿ. ನಮ್ಮ ಭಾಗದವರಿಗೆ ಇದರಲ್ಲಿ ಒಂದು ಹಕ್ಕೂ ಇದೆ. ಈ ಕಲ್ಲುಗಳಿಗೆ "ಧಾರವಾಡ" ಅನ್ನುವ ಹೆಸರನ್ನು 19ನೇ ಶತಮಾನದ ಕೊನೆಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕೊಟ್ಟರು. ಇವತ್ತಿಗೂ ಭೂವಿಜ್ಞಾನ ಓದುವವರು ಎಲ್ಲಿದ್ದರೂ ಆ ಹೆಸರು ಹೇಳಲೇಬೇಕು.

ಗಡಿಯಾರ ಯಾವಾಗ ಶುರುವಾಗುತ್ತದೆ

ಒಂದೇ ಮೂಲವಸ್ತುವಿನ ಪರಮಾಣುಗಳಲ್ಲಿ ಕೆಲವು ಹಗುರ, ಕೆಲವು ಭಾರ. ಇವೇ ಐಸೋಟೋಪ್‌ಗಳು. ಕೆಲವು ಸ್ಥಿರವಾಗಿರುತ್ತವೆ, ಕೆಲವು ನಿಗದಿತ ವೇಗದಲ್ಲಿ ಒಡೆದು ಬೇರೆ ಮೂಲವಸ್ತು ಆಗುತ್ತವೆ. ಯುರೇನಿಯಂ-238 ಅರ್ಧದಷ್ಟು ಕರಗಿ ಸೀಸ-206 ಆಗಲು 446.8 ಕೋಟಿ ವರ್ಷ ಬೇಕು. ಯುರೇನಿಯಂ-235 ಅರ್ಧಕ್ಕೆ ಇಳಿದು ಸೀಸ-207 ಆಗಲು 70.4 ಕೋಟಿ ವರ್ಷ ಸಾಕು. ಪೊಟ್ಯಾಸಿಯಂ-40ಕ್ಕೆ 125 ಕೋಟಿ ವರ್ಷ, ಅದರ ಒಂದು ಪಾಲು ಆರ್ಗಾನ್ ಅನಿಲ ಆಗುತ್ತದೆ. ಕಾರ್ಬನ್-14ಕ್ಕೆ ಬರೀ 5,730 ವರ್ಷ.

ಹಗೇವಿಗೆ ಜೋಳ ತುಂಬಿ ಬಾಯಿ ಮುಚ್ಚಿದ ದಿನದಿಂದ ಲೆಕ್ಕ ಹಿಡಿದ ಹಾಗೆ ಇದು. ಮಧ್ಯೆ ಯಾರಾದರೂ ಬಾಯಿ ತೆಗೆದು ನಾಲ್ಕು ಚೀಲ ಒಯ್ದಿದ್ದರೆ ಲೆಕ್ಕ ತಪ್ಪುತ್ತದೆ. ಹರಳು ಬೆಳೆದು ಅದರ ಬಾಯಿ ಮುಚ್ಚಿದಾಗ ಗಡಿಯಾರ ಶುರು. ಆಮೇಲೆ ಬಿಸಿಗೋ ನೀರಿಗೋ ಸಿಕ್ಕಿ ಸೀಸ ಅಥವಾ ಆರ್ಗಾನ್ ಸೋರಿದರೆ ಗಡಿಯಾರ ಹಿಂದೆ ಬೀಳುತ್ತದೆ.

ಯಾವ ಕಲ್ಲಿಗೆ ಯಾವ ವಿಧಾನ

"ಕಾರ್ಬನ್ ಡೇಟಿಂಗ್ ಮಾಡಿಸಿ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಅಲ್ವಾ? ಕಲ್ಲಿನ ವಿಷಯದಲ್ಲಿ ಅದನ್ನು ಮರೆತುಬಿಡಿ. ಸುಮಾರು 50,000 ವರ್ಷದ ಆಚೆ ಕಾರ್ಬನ್-14 ಅಳೆಯುವಷ್ಟು ಉಳಿದಿರುವುದಿಲ್ಲ. ಹಳ್ಳದ ದಂಡೆಯಲ್ಲಿ ಸಿಕ್ಕ ಇದ್ದಿಲು, ಶಂಖದ ಹುಳುವಿನ ಚಿಪ್ಪು, ಮಣ್ಣಿನ ಜೈವಿಕ ಅಂಶ ಇಂಥವಕ್ಕೆ ಮಾತ್ರ ಅದು.

ಗ್ರಾನೈಟ್‌ಗೆ ಮತ್ತು ಪಟ್ಟೆ ಪಟ್ಟೆಯ ನೈಸ್ ಕಲ್ಲಿಗೆ ಜಿರ್ಕಾನ್ ಹರಳಿನ ಯುರೇನಿಯಂ-ಸೀಸ ವಿಧಾನವೇ ಬೇಕು. ಬೆಳಗಾವಿ ಕಡೆ ಸಿಗುವ ಡೆಕ್ಕನ್ ಟ್ರ್ಯಾಪ್ ಬಸಾಲ್ಟ್‌ಗೆ ಆರ್ಗಾನ್-ಆರ್ಗಾನ್ ವಿಧಾನ. ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಗದಗಿನ ಗ್ರೇವ್ಯಾಕ್‌ನಂಥ ಮರಳು-ಕೆಸರಿನ ಕಲ್ಲಿಗೆ ನೇರ ವಯಸ್ಸು ಸಿಗುವುದಿಲ್ಲ. ಅದರೊಳಗೆ ಕೊಚ್ಚಿ ಬಂದ ಜಿರ್ಕಾನ್‌ಗಳ ವಯಸ್ಸು ನೋಡಿ "ಇದಕ್ಕಿಂತ ಹಳೆಯದಾಗಿರಲಾರದು" ಅನ್ನಬಹುದು, ಅಷ್ಟೇ.

ರುಬಿಡಿಯಂ-ಸ್ಟ್ರಾಂಷಿಯಂ ಬಗ್ಗೆ ನನಗೆ ಅಷ್ಟು ವಿಶ್ವಾಸ ಇಲ್ಲ. ನಮ್ಮ ಕಲ್ಲುಗಳು ಬಿಸಿನೀರಿನಲ್ಲಿ ನೆನೆದವು, ಆ ಎರಡೂ ಧಾತುಗಳು ನೀರಿನ ಜೊತೆ ಸುಲಭವಾಗಿ ಓಡಾಡುತ್ತವೆ. ಹಳೆಯ ಪೇಪರ್‌ಗಳಲ್ಲಿ ಇಂಥ ವಯಸ್ಸುಗಳು ಬೇಕಾದಷ್ಟು ಸಿಗುತ್ತವೆ. ಓದುವಾಗ ಯಾವ ಕ್ಷಯ ಸ್ಥಿರಾಂಕ (ಪರಮಾಣು ಒಡೆಯುವ ವೇಗದ ಅಂಕಿ) ಬಳಸಿದ್ದಾರೆ ನೋಡಿ. ಅದನ್ನು ಈಚೆಗೆ ತಿದ್ದಿದ್ದರಿಂದ ಅಲ್ಲಿ 250 ಕೋಟಿ ಅಂತ ಇದ್ದದ್ದು ಈಗ 254 ಕೋಟಿ ಆಗುತ್ತದೆ. ಅಳತೆ ಅದೇ, ಲೆಕ್ಕದ ಕಟ್ಟಳೆ ಮಾತ್ರ ಬದಲಾಯಿತು.

ಗುಡ್ಡದಲ್ಲಿ

ಮೊದಲು ಅನುಮತಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಹರಳೂ ಒಡೆಯುವ ಹಾಗಿಲ್ಲ. ಅದಕ್ಕಿಂತ ಸುಲಭದ ಜಾಗಗಳಿವೆ: ರಸ್ತೆಗೆ ಗುಡ್ಡ ಕಡಿದ ಕಡೆ, ಮಾಲೀಕರು ಒಪ್ಪಿದರೆ ಖಡಿ ಮಷಿನ್‌ನ ಕ್ವಾರಿ, ಹೊಸದಾಗಿ ತೋಡಿದ ಬಾವಿಯ ಪಕ್ಕದ ರಾಶಿ. ಗುಡಿಯ ಕಲ್ಲು, ವೀರಗಲ್ಲು, ಶಾಸನದ ಹತ್ತಿರ ಸುತ್ತಿಗೆ ತೆಗೆಯಲೇಬೇಡಿ.

ಗದಗ ಸೀಮೆಯಲ್ಲಿ ಸುತ್ತಿಗೆ ಹಿಡಿದು ನಿಂತರೆ ಯಾರಾದರೂ ಬಂದು ಕೇಳುವುದು ಖಂಡಿತ: "ಏನ್ರೀ ಸಾಹೇಬ್ರ, ಬಂಗಾರ ಹುಡುಕಾಕತ್ತೀರೇನ್ರಿ?" ಕಬುಲಾಯತಕಟ್ಟಿ ಬಂಗಾರದ ಗಣಿ ಇದ್ದ ಊರುಗಳಲ್ಲಿ ಈ ಪ್ರಶ್ನೆ ತಮಾಷೆಗೆ ಹುಟ್ಟಿದ್ದಲ್ಲ. "ಇಲ್ರೀ ಕಾಕಾ, ಕಲ್ಲಿನ ಜಾತಕ ನೋಡಾಕತ್ತೀವಿ" ಅಂದು ಕೂತು ಮಾತಾಡಿ. ಯಾವ ಹೊಲದ ಬಾವಿಯಲ್ಲಿ ಎಷ್ಟು ಆಳಕ್ಕೆ ಯಾವ ಕಲ್ಲು ಹತ್ತಿತು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಸುತ್ತಿಗೆ ಎತ್ತುವ ಮೊದಲು ನೋಟ್‌ಬುಕ್ ತೆಗೆಯಿರಿ. ಯಾವ ಕಲ್ಲು ಯಾವುದನ್ನು ಸೀಳಿಕೊಂಡು ಹೋಗಿದೆ? ಸೀಳಿದ್ದು ಯಾವಾಗಲೂ ವಯಸ್ಸಿನಲ್ಲಿ ಚಿಕ್ಕದು, ಸೀಳಿಸಿಕೊಂಡದ್ದು ಹಿರಿಯದು. ಈ ಚಿತ್ರವನ್ನು ಕೈಯಲ್ಲೇ ಬರೆಯಿರಿ, ಫೋಟೊ ಆಮೇಲೆ. ನಾಳೆ ಲ್ಯಾಬ್‌ನಿಂದ ಬಂದ ವಯಸ್ಸು ಈ ಚಿತ್ರಕ್ಕೆ ಹೊಂದದಿದ್ದರೆ ನಾನು ಮೊದಲು ಅನುಮಾನಿಸುವುದು ಲ್ಯಾಬ್‌ನ ನಂಬರನ್ನು.

ಆಮೇಲೆ ಕಲ್ಲು ಆರಿಸಿ. ಹೊರಗಿನ ಕಂದು ಸಿಪ್ಪೆ ಬಿಟ್ಟು ಒಳಗಿನ ಗಟ್ಟಿ, ತಾಜಾ ಭಾಗ ಬೇಕು. ಗ್ರಾನೈಟ್ ಆದರೆ ಎರಡರಿಂದ ಐದು ಕಿಲೋ ಸಾಕು. ಜಿರ್ಕಾನ್ ಕಡಿಮೆ ಇರುವ ಕಪ್ಪು ಕಲ್ಲುಗಳಿಗೆ ಹತ್ತು ಕಿಲೋ ಅಥವಾ ಅದಕ್ಕೂ ಜಾಸ್ತಿ ಬೇಕಾಗಬಹುದು. ನೈಸ್‌ನಲ್ಲಿ ಬಿಳಿ ಪಟ್ಟೆ, ಕಪ್ಪು ಪಟ್ಟೆ ಬೇರೆ ಬೇರೆ ಕಾಲದ್ದಾಗಿರಬಹುದು. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಚೀಲದ ಹೊರಗೂ ಒಳಗೂ ನಂಬರ್ ಹಾಕಿ. ಹೊರಗಿನ ಬರಹ ಬಸ್ಸಿನ ಡಿಕ್ಕಿಯಲ್ಲಿ ಉಜ್ಜಿ ಹೋಗುತ್ತದೆ.

ಐದು ಕಿಲೋದಿಂದ ಐವತ್ತು ಹರಳಿಗೆ

ಜಿರ್ಕಾನ್ ಕೂದಲೆಳೆಯಷ್ಟು ದಪ್ಪದ ಹರಳು, ಸಾಮಾನ್ಯವಾಗಿ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ. ಬೆಳೆಯುವಾಗ ಯುರೇನಿಯಂನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಈಗ ಅದರೊಳಗೆ ಇರುವ ಸೀಸ ಬಹುತೇಕ ಎಲ್ಲ ಅಲ್ಲೇ ಹುಟ್ಟಿದ್ದು. ಗಟ್ಟಿ, ಭಾರ, ಸುಲಭಕ್ಕೆ ಕರಗದು. ಈ ಗುಣಗಳೇ ಅದನ್ನು ಬೇರ್ಪಡಿಸಲೂ ದಾರಿ ಮಾಡಿಕೊಡುತ್ತವೆ.

1. ಕಲ್ಲಿನ ಒಂದು ತುಂಡು ಹಾಗೇ ಉಳಿಸಿ. ಇನ್ನೊಂದು ತುಂಡಿನಿಂದ ತೆಳು ಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ. ಜಿರ್ಕಾನ್ ಯಾವ ಖನಿಜದ ಒಳಗೆ ಕೂತಿದೆ ಅನ್ನುವುದು ಆಮೇಲೆ ಬೇಕಾಗುತ್ತದೆ.

2. ಕ್ರಷರ್ ತೊಳೆಯಿರಿ. ನಿಮ್ಮ ಮುಂಚೆ ಬೇರೆಯವರು ಪುಡಿ ಮಾಡಿದ ಕಲ್ಲಿನ ಒಂದೇ ಒಂದು ಜಿರ್ಕಾನ್ ದವಡೆಯಲ್ಲಿ ಉಳಿದರೂ ನಿಮ್ಮ ಗ್ರಾನೈಟ್‌ಗೆ ಇಲ್ಲದ ಅಜ್ಜ ಹುಟ್ಟಿಕೊಳ್ಳುತ್ತಾನೆ. ಬ್ರಷ್, ಗಾಳಿ, ಆಮೇಲೆ ಒಂದಿಷ್ಟು ಶುದ್ಧ ಕ್ವಾರ್ಟ್ಸ್ ಹಾಕಿ ಓಡಿಸಿ.

3. ಪುಡಿ ಮಾಡಿ 250 ಮೈಕ್ರಾನ್ (ಕಾಲು ಮಿಲಿಮೀಟರ್) ಜರಡಿ ಹಿಡಿಯಿರಿ. ನೀರಿನ ಟೇಬಲ್ ಮೇಲೆ ಹರಿಸಿದರೆ ಹಗುರದ್ದು ಕೊಚ್ಚಿ ಹೋಗಿ ಭಾರದ್ದು ಉಳಿಯುತ್ತದೆ. ನಂತರ ಅಯಸ್ಕಾಂತದ ಸೆಪರೇಟರ್. ಕೊನೆಗೆ ಭಾರದ ದ್ರವ. ಮಿಥಿಲೀನ್ ಅಯೋಡೈಡ್‌ನ ಸಾಂದ್ರತೆ ಸುಮಾರು 3.3, ಜಿರ್ಕಾನ್‌ನದು 4.6ರ ಆಸುಪಾಸು. ಜಿರ್ಕಾನ್ ಮುಳುಗುತ್ತದೆ, ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್ ತೇಲುತ್ತವೆ. ಈ ದ್ರವ ವಿಷ. ಗ್ಲೌಸ್ ಹಾಕಿಕೊಳ್ಳಿ, ಹೊಗೆ ಎಳೆಯುವ ಫ್ಯೂಮ್ ಹುಡ್ ಕೆಳಗೆ ಮಾತ್ರ ಬಳಸಿ. ಮನೆಯಲ್ಲಿ ಪ್ರಯತ್ನ ಬೇಡವೇ ಬೇಡ.

4. ಇನ್ನು ಕೈಯ ಕೆಲಸ. ಸೂಕ್ಷ್ಮದರ್ಶಕದ ಕೆಳಗೆ ಸೂಜಿ ತುದಿಯಿಂದ ಒಂದೊಂದೇ ಹರಳು ಆರಿಸಬೇಕು. ಚೆನ್ನಾಗಿರುವುದು ಗಾಜಿನಂತೆ ಹೊಳೆಯುತ್ತದೆ, ತುದಿ ಚೂಪಾಗಿ, ತುಸು ಗುಲಾಬಿ ಅಥವಾ ಬಣ್ಣವೇ ಇಲ್ಲದೆ ಇರುತ್ತದೆ. ಮಂಜಾದ ಕಂದು ಹರಳಿನಲ್ಲಿ ಯುರೇನಿಯಂ ಜಾಸ್ತಿ ಇದ್ದು, ಅದರ ವಿಕಿರಣಕ್ಕೆ ಒಳಗಿನ ಜೋಡಣೆಯೇ ಪುಡಿಯಾಗಿರುತ್ತದೆ. ಇಂಥದ್ದು ಸೀಸ ಸೋರುವ ಹರಳು. ಗ್ರಾನೈಟ್ ಆದರೆ ಅದನ್ನು ಬಿಡಿ. ಕೊಚ್ಚಿ ಬಂದ ಮರಳಿನ ಜಿರ್ಕಾನ್ ಆದರೆ ಚೆಂದದ್ದನ್ನೇ ಆರಿಸಬೇಡಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಎತ್ತಿ. ಇಲ್ಲವಾದರೆ ಕೆಲವು ಮೂಲಗಳು ಕಾಣೆಯಾಗುತ್ತವೆ. ಮರಳಿನ ಕಲ್ಲಿಗೆ ನೂರಕ್ಕಿಂತ ಜಾಸ್ತಿ ಹರಳು ಬೇಕು. ನೂರರಲ್ಲಿ ಐದು ಪಾಲು ಇರುವ ಯಾವ ಗುಂಪೂ ತಪ್ಪಿಹೋಗಬಾರದು, ಆ ಭರವಸೆ ಶೇ. 95ರಷ್ಟಿರಬೇಕು ಅಂದರೆ ಲೆಕ್ಕ 117 ಹರಳಿಗೆ ಬಂದು ನಿಲ್ಲುತ್ತದೆ.

5. ಹರಳುಗಳನ್ನು ಅಂಟಿನ ಬಿಲ್ಲೆಯಲ್ಲಿ ಕೂರಿಸಿ ಅರ್ಧ ಸವೆಯುವವರೆಗೆ ಪಾಲಿಶ್ ಮಾಡಿ. ಎಲೆಕ್ಟ್ರಾನ್ ಕಿರಣ ಬಿಟ್ಟು ಕ್ಯಾಥೋಡೋಲ್ಯುಮಿನೆಸೆನ್ಸ್ ಚಿತ್ರ ತೆಗೆಯಿರಿ. ಮರದ ಉಂಗುರದಂಥ ಗೆರೆಗಳು ಕಾಣುತ್ತವೆ. ನಡುವೆ ಹಳೆಯ ತಿರುಳು, ಸುತ್ತ ಆಮೇಲೆ ಬೆಳೆದ ಅಂಚು. ಇದೇ ಇಡೀ ಕೆಲಸದ ಜೀವಾಳ. ತಿರುಳು ಶಿಲಾರಸ ಗಟ್ಟಿಯಾದ ಕಾಲವನ್ನೂ ಅಂಚು ಆಮೇಲಿನ ಬಿಸಿಯನ್ನೂ ಹೇಳಬಹುದು. ಆಮೇಲೆ ಲೇಸರ್ 20ರಿಂದ 40 ಮೈಕ್ರಾನ್ ಅಗಲದ ಕುಳಿ ಕೊರೆಯುತ್ತದೆ, ಎದ್ದ ಪುಡಿಯ ಯುರೇನಿಯಂ-ಸೀಸವನ್ನು ಯಂತ್ರ ಅಳೆಯುತ್ತದೆ. ಎರಡರ ಗಡಿಯ ಮೇಲೆ ಕುಳಿ ಬಿದ್ದರೆ ಬರುವ ವಯಸ್ಸು ಎರಡರ ಸರಾಸರಿ, ಆ ಕಾಲದಲ್ಲಿ ಏನೂ ನಡೆದಿರುವುದೇ ಇಲ್ಲ.

ಅಳತೆಯ ಮಧ್ಯೆ ಮಧ್ಯೆ ವಯಸ್ಸು ಗೊತ್ತಿರುವ ಜಿರ್ಕಾನ್ ಇಡಬೇಕು. 91500 ಅನ್ನುವ ಹೆಸರಿನದು ಸುಮಾರು 106.5 ಕೋಟಿ ವರ್ಷದ್ದು, ಪ್ಲೆಸೊವಿಟ್ಸೆ 33.7 ಕೋಟಿಯದು. ಒಂದನ್ನು ಯಂತ್ರ ಹೊಂದಿಸಲು ಬಳಸಿ, ಇನ್ನೊಂದನ್ನು ಅಪರಿಚಿತನಂತೆ ಅಳೆಯಿರಿ. ಎರಡನೆಯದರ ವಯಸ್ಸು ಸರಿ ಬಂದರೆ ಮಾತ್ರ ಮುಂದಿನ ಹೆಜ್ಜೆ.

ನಂಬರ್ ಓದುವುದು

ಸೂತ್ರ ಸರಳ. ಸೀಸವನ್ನು ಯುರೇನಿಯಂನಿಂದ ಭಾಗಿಸಿ, ಒಂದು ಕೂಡಿಸಿ, ನ್ಯಾಚುರಲ್ ಲಾಗ್ ತೆಗೆದು, ಕ್ಷಯ ಸ್ಥಿರಾಂಕದಿಂದ ಭಾಗಿಸಿ. ಕೋಟಿ ವರ್ಷದ ಲೆಕ್ಕದಲ್ಲಿ ಯುರೇನಿಯಂ-238ರ ಸ್ಥಿರಾಂಕ 0.00155125, ಯುರೇನಿಯಂ-235ರದು 0.0098485.

ಅಭ್ಯಾಸಕ್ಕೆ ಒಂದು ಲೆಕ್ಕ. ಸೀಸ-206 ಮತ್ತು ಯುರೇನಿಯಂ-238ರ ಅನುಪಾತ 0.478 ಬಂತು ಅನ್ನಿ. 1.478ರ ಲಾಗ್ 0.391. ವಯಸ್ಸು 252 ಕೋಟಿ ವರ್ಷ. ಅದೇ ಹರಳಿನಲ್ಲಿ ಸೀಸ-207 ಮತ್ತು ಯುರೇನಿಯಂ-235ರ ಅನುಪಾತ 10.96. ಲೆಕ್ಕ ಹಾಕಿ, ಇದೂ 252 ಕೋಟಿಯೇ. ಎರಡು ಗಡಿಯಾರ, ಒಂದೇ ಹೊತ್ತು. ಹರಳು ಸೋರಿಲ್ಲ ಅಂತ ಅರ್ಥ.

ಈಗ ಆ ಹರಳಿನಿಂದ ಈಚೆಗೆ ಐದರಲ್ಲಿ ಒಂದು ಪಾಲು ಸೀಸ ಸೋರಿತು ಅಂತ ಇಟ್ಟುಕೊಳ್ಳಿ. ಅನುಪಾತಗಳು 0.3824 ಮತ್ತು 8.77 ಆಗುತ್ತವೆ. ಮೊದಲ ಗಡಿಯಾರ 209 ಕೋಟಿ ಅನ್ನುತ್ತದೆ, ಎರಡನೆಯದು 231 ಕೋಟಿ. ಎರಡೂ ತಪ್ಪು! ಆದರೆ ಸೋರಿದಾಗ ಎರಡು ಬಗೆಯ ಸೀಸವೂ ಒಂದೇ ಪ್ರಮಾಣದಲ್ಲಿ ಹೋಗಿದೆ. ಹಾಗಾಗಿ ಸೀಸ-207 ಮತ್ತು ಸೀಸ-206ರ ಅನುಪಾತ ಮೊದಲಿನಂತೆ 0.166ರ ಹತ್ತಿರವೇ ಇದ್ದು, ಅದರಿಂದ 252 ಕೋಟಿಯೇ ಬರುತ್ತದೆ. ಹಳೆಯ ಕಲ್ಲಿನವರು ಈ ಮೂರನೇ ವಯಸ್ಸನ್ನು ನಂಬುವುದು ಇದಕ್ಕೇ. ಇದಕ್ಕೂ ಮಿತಿ ಇದೆ. ಸೋರಿಕೆ ಬಹಳ ಹಿಂದೆಯೇ ಆಗಿದ್ದರೆ ಈ ಅನುಪಾತವೂ ಕೆಡುತ್ತದೆ. ಎರಡು ಗಡಿಯಾರಗಳ ವ್ಯತ್ಯಾಸ ಶೇ. 10 ದಾಟಿದ ಹರಳುಗಳನ್ನು ನಾನು ಮುಖ್ಯ ಲೆಕ್ಕಕ್ಕೆ ಸೇರಿಸುವುದಿಲ್ಲ, ಆದರೆ ಟೇಬಲ್‌ನಿಂದ ಅಳಿಸುವುದೂ ಇಲ್ಲ.

252 ಕೋಟಿ ಅನ್ನುವ ನಂಬರ್ ಸುಮ್ನೆ ಆರಿಸಿದ್ದಲ್ಲ. ಗದಗಿನ ಬಂಗಾರದ ಜೊತೆ ಬೆಳೆದ ಮೊನಜೈಟ್ ಮತ್ತು ಜೆನೊಟೈಮ್ ಹರಳುಗಳ ವಯಸ್ಸು ಹೆಚ್ಚು ಕಡಿಮೆ ಇಷ್ಟೇ. ಅದು ಬಂಗಾರ ತಂದ ಬಿಸಿನೀರಿನ ವಯಸ್ಸು. ಬಂಗಾರ ಕೂತ ಕಲ್ಲು ಅದಕ್ಕೂ ಹಿರಿಯದು. ಯಾವ ಘಟನೆ ಅಂತ ಕೇಳದೆ ಇದನ್ನೇ "ಗದಗಿನ ಕಲ್ಲಿನ ವಯಸ್ಸು" ಅಂತ ಬರೆದುಬಿಡುವುದು ಎಷ್ಟು ಸುಲಭ ನೋಡಿ.

ಎರೆ ಹೊಲದ ಸುಣ್ಣದ ಹರಳು: ಹಳೆಯ ಹುಲ್ಲು, ಹಳೆಯ ಮಳೆ

ವಯಸ್ಸು ಒಂದು ಕಥೆ. ಸ್ಥಿರ ಐಸೋಟೋಪ್‌ಗಳದು ಇನ್ನೊಂದು. ಇವು ಒಡೆಯುವುದಿಲ್ಲ. ಆದರೆ ಗಿಡ, ಮಳೆ, ಬಿಸಿಲು ಇವೆಲ್ಲ ಹಗುರದ್ದನ್ನೂ ಭಾರದ್ದನ್ನೂ ಬೇರೆ ಬೇರೆ ಅಳತೆಯಲ್ಲಿ ಆರಿಸಿಕೊಳ್ಳುತ್ತವೆ. ಅದರ ಗುರುತು ಉಳಿದಿರುತ್ತದೆ. ನವಲಗುಂದ, ಅಣ್ಣಿಗೇರಿ, ಗದಗಿನ ಎರೆ ಭೂಮಿ ಇದನ್ನು ಕಲಿಯಲು ಒಳ್ಳೆ ಜಾಗ. ದುಡ್ಡೂ ಕಡಿಮೆ ಸಾಕು.

ಗಾಳಿಯ ಕಾರ್ಬನ್ ಹಿಡಿಯುವ ರೀತಿ ನೋಡಿ ಗಿಡಗಳನ್ನು ಸಿ-3, ಸಿ-4 ಅಂತ ಬೇರೆ ಮಾಡುತ್ತಾರೆ. ಜೋಳ, ಗೋವಿನಜೋಳ, ಕಬ್ಬು ಮತ್ತು ಬಿಸಿ ಸೀಮೆಯ ಹುಲ್ಲುಗಳು ಸಿ-4 ಗಿಡಗಳು. ಹತ್ತಿ, ಶೇಂಗಾ, ಕಡಲೆ, ಬ್ಯಾಡಗಿ ಮೆಣಸಿನಕಾಯಿ ಮತ್ತು ಕಾಡಿನ ಮರಗಳು ಸಿ-3. ಕಾರ್ಬನ್-13ರ ಡೆಲ್ಟಾ ಬೆಲೆ (ಭಾರದ ಕಾರ್ಬನ್ನಿನ ಪಾಲು ಮಾನಕಕ್ಕಿಂತ ಸಾವಿರಕ್ಕೆ, ಅಂದರೆ ‰, ಎಷ್ಟು ಹೆಚ್ಚು-ಕಡಿಮೆ ಅನ್ನುವುದು) ಸಿ-3ಗೆ ಸರಾಸರಿ −27‰, ಸಿ-4ಗೆ −13‰. ಗಿಡ ಕೊಳೆತು, ಬೇರು ಉಸಿರಾಡಿ ಮಣ್ಣಿನಲ್ಲಿ ಸೇರುವ ಕಾರ್ಬನ್ ಡೈಆಕ್ಸೈಡ್‌ನಿಂದಲೇ ಸುಣ್ಣದ ಹರಳು ಬೆಳೆಯುತ್ತದೆ. ಅದರ ಬೆಲೆ ಗಿಡಕ್ಕಿಂತ 14ರಿಂದ 17‰ ಮೇಲಿರುತ್ತದೆ.

ಮಾದರಿ ತೆಗೆಯಲು ಹೊಸದಾಗಿ ತೋಡಿದ ಕೃಷಿ ಹೊಂಡದಷ್ಟು ಒಳ್ಳೆಯ ಗೋಡೆ ಇನ್ನೊಂದಿಲ್ಲ. ಮಾಲೀಕರನ್ನು ಕೇಳಿ ಇಳಿಯಿರಿ. ಮಳೆಯಾದ ಮರುದಿನ ಇಳಿಯಬೇಡಿ, ಎರೆ ಗೋಡೆ ಕುಸಿಯುತ್ತದೆ. ಮೇಲಿನ ಅರ್ಧ ಮೀಟರ್ ಬಿಡಿ, ಅಲ್ಲಿ ಹೊರಗಿನ ಗಾಳಿ ಬೆರೆತಿರುತ್ತದೆ. ಅಲ್ಲಿಂದ ಕೆಳಗೆ ಅಳತೆ ಪಟ್ಟಿ ಇಟ್ಟು ಆಳ ಬರೆದು ಹರಳು ಆರಿಸಿ.

ಇಲ್ಲೊಂದು ಮೋಸ ಇದೆ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಮೇಲಿನದು ಬಿರುಕಿನಲ್ಲಿ ಕೆಳಗೆ ಬೀಳುತ್ತದೆ, ಕೆಳಗಿನದು ಮೇಲೆ ತಳ್ಳಿಸಿಕೊಳ್ಳುತ್ತದೆ. ಗೋಡೆಯಲ್ಲಿ ಓರೆಯಾಗಿ ನುಣ್ಣಗೆ ಹೊಳೆಯುವ ಜಾರುಮೈ ಕಂಡರೆ ಮಣ್ಣು ಹೊರಳಾಡಿದೆ ಅಂತಲೇ ಲೆಕ್ಕ. ಹಾಗಾಗಿ ಆಳ ಜಾಸ್ತಿ ಅಂದ ಮಾತ್ರಕ್ಕೆ ಹಳೆಯದು ಅನ್ನಲು ಬರುವುದಿಲ್ಲ. ಗುಂಡಗೆ, ಕಪ್ಪು ಬಣ್ಣ ಹತ್ತಿದ ಗಟ್ಟಿ ಹರಳು ಬೇರೆ ಕಡೆಯಿಂದ ಉರುಳಿ ಬಂದಿರಬಹುದು. ಬೆಳ್ಳಗೆ, ಮೈ ಒರಟಾಗಿ, ಮಣ್ಣಿಗೆ ಬೆಸೆದುಕೊಂಡದ್ದು ಅಲ್ಲೇ ಬೆಳೆದದ್ದು. ಅದನ್ನೇ ಆರಿಸಿ.

ತೊಳೆದು, ಕೊಯ್ದು, ಒಳಗಿನ ಒತ್ತಾದ ಭಾಗದಿಂದ ದಂತವೈದ್ಯರ ಡ್ರಿಲ್‌ನಂಥದ್ದರಲ್ಲಿ ಚಿಟಿಕೆಗಿಂತ ಕಡಿಮೆ ಪುಡಿ ತೆಗೆಯಿರಿ. ಲ್ಯಾಬ್‌ನಲ್ಲಿ ಅದಕ್ಕೆ ಫಾಸ್ಫಾರಿಕ್ ಆಸಿಡ್ ಹಾಕಿ, ಹೊರಬರುವ ಅನಿಲವನ್ನು ಹಗುರ-ಭಾರದ ಐಸೋಟೋಪ್ ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಬಿಡುತ್ತಾರೆ. ಎನ್‌ಬಿಎಸ್-18, ಎನ್‌ಬಿಎಸ್-19ರಂಥ ಮಾನಕಗಳ ಜೊತೆ ಹೋಲಿಸಿದ ಬೆಲೆ ನಿಮ್ಮ ಕೈಗೆ ಬರುತ್ತದೆ.

ಉದಾಹರಣೆಗೆ −3‰ ಬಂತು ಅನ್ನಿ. 15 ಕಳೆದರೆ ಗಿಡಗಳ ಸರಾಸರಿ −18. ಸಿ-3ರ −27ರಿಂದ ಇದು 9 ಮೇಲೆ, ಎರಡು ತುದಿಗಳ ಅಂತರ 14. ಅಂದರೆ ಸಿ-4 ಹುಲ್ಲಿನ ಪಾಲು ಶೇ. 64. ಇಷ್ಟಕ್ಕೆ ನಿಲ್ಲಿಸಿದರೆ ತಪ್ಪಾಗುತ್ತದೆ. ನಾವು ಕಲ್ಲಿದ್ದಲು, ಎಣ್ಣೆ ಸುಟ್ಟು ಗಾಳಿಯ ಕಾರ್ಬನ್ ಬೆಲೆಯನ್ನೇ ಕೆಳಗಿಳಿಸಿದ್ದೇವೆ. ಹಳೆಯ ಗಿಡಗಳಿಗೆ ಎರಡೂ ತುದಿ ಸುಮಾರು 1.5‰ ಮೇಲಿರಬೇಕು. −25.5 ಮತ್ತು −11.5 ಇಟ್ಟು ಮತ್ತೆ ಹಾಕಿ. ಶೇ. 54 ಬರುತ್ತದೆ. 15ರ ಬದಲು 14 ಅಥವಾ 17 ಕಳೆದು ನೋಡಿದರೆ ಇನ್ನೂ ಅಲುಗಾಡುತ್ತದೆ. ಹಾಗಾಗಿ "ಅರ್ಧಕ್ಕರ್ಧ ಹುಲ್ಲುಗಾವಲು" ಅಂತ ಬರೆಯಿರಿ, ದಶಾಂಶ ಹಾಕಬೇಡಿ.

ಅದೇ ಪುಡಿಯ ಆಮ್ಲಜನಕ-18 ಮಳೆಯ ಸುದ್ದಿ ಹೇಳುತ್ತದೆ. ಮುಂಗಾರು ಜೋರಾದಷ್ಟೂ ಮಳೆನೀರಿನ ಬೆಲೆ ಕೆಳಗಿಳಿಯುತ್ತದೆ, ಮಣ್ಣು ಒಣಗಿ ನೀರು ಆವಿಯಾದಷ್ಟೂ ಮೇಲೇರುತ್ತದೆ. ಉಷ್ಣತೆಯೂ ಇದರಲ್ಲಿ ಸೇರಿಕೊಳ್ಳುತ್ತದೆ, ಸುಣ್ಣದಲ್ಲಿ ಸುಮಾರು 4 ಡಿಗ್ರಿಗೆ 1‰. ಮೂರೂ ಒಂದೇ ನಂಬರಿನಲ್ಲಿ ಕಲೆತಿರುವಾಗ ಅದೊಂದರಿಂದಲೇ "ಆಗ ಬರಗಾಲ ಇತ್ತು" ಅನ್ನುವುದು ದುಡುಕು. ಕಾರ್ಬನ್ ಬೆಲೆಯೂ ಅದೇ ದಿಕ್ಕಿಗೆ ಬೆರಳು ತೋರಿದರೆ ಬರೆಯಿರಿ.

ಆಮ್ಲಜನಕ ಇಲ್ಲದ ಆಕಾಶ

ಕಪ್ಪತಗುಡ್ಡದ ಕೆಂಪು-ಕಪ್ಪು ಪಟ್ಟೆಯ ಕಬ್ಬಿಣದ ಕಲ್ಲು ಇನ್ನೂ ಹಿಂದಕ್ಕೆ ಒಯ್ಯುತ್ತದೆ. ಗಾಳಿಯಲ್ಲಿ ಆಮ್ಲಜನಕ ನೆಲೆ ನಿಂತದ್ದು ಸುಮಾರು 240ರಿಂದ 230 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಮುಂಚೆ ಓಝೋನ್ ಪದರ ಇರಲಿಲ್ಲ. ಬಿಸಿಲಿನ ಅತಿನೇರಳೆ ಕಿರಣ ಗಾಳಿಯ ಗಂಧಕದ ಅನಿಲವನ್ನು ಒಡೆದು ಗಂಧಕ-33ರಲ್ಲಿ ವಿಚಿತ್ರ ಏರುಪೇರು ಉಂಟುಮಾಡುತ್ತಿತ್ತು. ತೂಕದ ಲೆಕ್ಕಕ್ಕೆ ಅದು ಹೊಂದುವುದಿಲ್ಲ. ಜೇಮ್ಸ್ ಫಾರ್ಕರ್ ಮತ್ತು ಸಂಗಡಿಗರು 2000ದಲ್ಲಿ ಇದನ್ನು ತೋರಿಸಿಕೊಟ್ಟ ಮೇಲೆ ಹಳೆಯ ಕಲ್ಲಿನ ಪೈರೈಟ್‌ಗೆ (ಕಬ್ಬಿಣ-ಗಂಧಕದ ಹರಳಿಗೆ) ಬೇರೆಯೇ ಬೆಲೆ ಬಂತು. ಧಾರವಾಡದ ಕಲ್ಲುಗಳು ಆ ಗಡಿಯ ಆಚೆಯವು.

ಆದರೆ ಗದಗಿನಲ್ಲಿ ಪೈರೈಟ್ ಎರಡು ಬಗೆ. ಕೆಸರಿನಲ್ಲೇ ಪದರ ಪದರವಾಗಿ ಬೆಳೆದದ್ದು ಒಂದು, ಬಂಗಾರದ ಬಿಸಿನೀರಿನ ಜೊತೆ ಗೆರೆಗಳಲ್ಲಿ ಬಂದದ್ದು ಇನ್ನೊಂದು. ಆಕಾಶದ ಸುದ್ದಿ ಬೇಕಾದರೆ ಮೊದಲನೆಯದು. ಮಿರಮಿರ ಹೊಳೆಯುವ ದೊಡ್ಡ ಚೌಕ ಹರಳಿಗೆ ಮರುಳಾಗಿ ಅದನ್ನು ಕಳಿಸಿದರೆ ಸಿಗುವುದು ಬಿಸಿನೀರಿನ ಕಥೆ.

ಲ್ಯಾಬ್ ಹುಡುಕುವುದು, ಬರೆದಿಡುವುದು

ಪುಡಿ ಮಾಡುವುದು, ತೆಳು ಪದರ ಕೊಯ್ಯುವುದು ಇವನ್ನು ಹತ್ತಿರದ ಭೂವಿಜ್ಞಾನ ವಿಭಾಗದಲ್ಲಿ ಕೇಳಿ. ನಮಗೆ ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದಲ್ಲೇ ಇದೆ. ದೊಡ್ಡ ಯಂತ್ರಗಳು ಹೊರಗೆ: ಹೈದರಾಬಾದಿನ ಎನ್‌ಜಿಆರ್‌ಐ (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ), ಅಹಮದಾಬಾದಿನ ಪಿಆರ್‌ಎಲ್ (ಭೌತ ಸಂಶೋಧನಾ ಪ್ರಯೋಗಾಲಯ), ಕಾರ್ಬನ್-14ಕ್ಕೆ ದೆಹಲಿಯ ಐಯುಎಸಿ (ಇಂಟರ್-ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್), ಆರ್ಗಾನ್‌ಗೆ ಐಐಟಿ ಬಾಂಬೆ, ಸ್ಥಿರ ಐಸೋಟೋಪ್‌ಗೆ ಬೆಂಗಳೂರಿನ ಐಐಎಸ್‌ಸಿ. ಬರೆಯುವ ಪತ್ರದಲ್ಲಿ "ವಯಸ್ಸು ತಿಳಿಯಬೇಕು" ಅಂತಷ್ಟೇ ಹಾಕಬೇಡಿ. ಗುಡ್ಡದಲ್ಲಿ ಬರೆದ ಚಿತ್ರ, ತೆಳು ಪದರದ ಫೋಟೊ, ಯಾವ ಎರಡು ಉತ್ತರಗಳಲ್ಲಿ ಯಾವುದು ಸರಿ ಅಂತ ತಿಳಿಯಬೇಕಿದೆ ಅನ್ನುವುದು, ಇಷ್ಟು ಇರಲಿ. ಅಂಥ ಪತ್ರಕ್ಕೆ ಉತ್ತರ ಬೇಗ ಬರುತ್ತದೆ.

ವರದಿಯಲ್ಲಿ ವಯಸ್ಸಿನ ಪಕ್ಕ ಹೆಚ್ಚು-ಕಡಿಮೆಯ ಅಂಕಿ ಬಿಡಬಾರದು. ಅದು ಒಂದು ಸಿಗ್ಮಾನೋ (ಅಳತೆಯ ಅಲುಗಾಟದ ಮಾಪ) ಎರಡೋ ಅಂತಲೂ ಬರೆಯಿರಿ. ಎಷ್ಟು ಹರಳು ಅಳೆದಿರಿ, ಎಷ್ಟನ್ನು ಬಿಟ್ಟಿರಿ, ಯಾಕೆ, ಮಾನಕದ ಜಿರ್ಕಾನ್ ಎಷ್ಟು ತೋರಿಸಿತು, ಯಾವ ಸ್ಥಿರಾಂಕ ಬಳಸಿದಿರಿ, ಜಿಪಿಎಸ್ ಗುರುತು, ಇವೆಲ್ಲ ಟೇಬಲ್‌ನಲ್ಲಿ ಇರಬೇಕು. ಹರಳಿನ ಬಿಲ್ಲೆಯನ್ನೂ ಉಳಿಸಿದ ಕಲ್ಲಿನ ತುಂಡನ್ನೂ ಒಂದೇ ನಂಬರ್ ಹಾಕಿ ವಿಭಾಗದ ಕಪಾಟಿಗೆ ಒಪ್ಪಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳಿ. ಲೇಸರ್ ಕುಳಿಯ ಪಕ್ಕ ಇನ್ನೂ ಜಾಗ ಉಳಿದಿರುತ್ತದೆ, ಮುಂದೆ ಬರುವವರು ಅದೇ ಹರಳನ್ನು ಇನ್ನೊಮ್ಮೆ ಅಳೆಯಬಹುದು.